ನಮ್ಮೂರಿನ ಬಿಸಿಲು ಮತ್ತು ಓಝೋನ್ ತೂತು

ಬೇಸಿಗೆ ಬಂತೆಂದರೆ ಯಾಪಲದಿನ್ನಿ ಕಡೆಯ ಬಸ್ಸಿನಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಓಝೋನ್ ಪದರಕ್ಕ ತೂತು ಬಿದ್ದೈತಂತ, ಅದಕ್ಕ ಇಷ್ಟು ಬಿಸಿಲು." ಸೆಪ್ಟೆಂಬರ್ 16ರ ಓಝೋನ್ ದಿನಕ್ಕೆ ನಾವು ಬರೆಯುವ ಪೋಸ್ಟರ್‌ಗಳಲ್ಲೂ ಇದೇ ಮಾತು: ಮೇಲೆ ಹರಿದ ಛತ್ರಿ, ಕೆಳಗೆ ಬೆವರು ಸುರಿಸುವ ರೈತ. ಇಲ್ಲಿ ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ನಮ್ಮ ಸೆಕೆಗೆ ಕಾರಣ ಓಝೋನ್ ತೂತಲ್ಲ. ಕಣ್ಣು, ಚರ್ಮ ಕೆಡಿಸುವ ನೇರಳಾತೀತ ಕಿರಣ ನಮ್ಮಲ್ಲಿ ಹೆಚ್ಚು ಎನ್ನುವುದು ನಿಜ, ಆದರೆ ಅದಕ್ಕೂ ಆ ತೂತು ಕಾರಣವಲ್ಲ. ಇದನ್ನು ಬಿಡಿಸಿ ನೋಡದಿದ್ದರೆ, ತೂತು ಮುಚ್ಚಿದ ದಿನ ನಮ್ಮ ಬಿಸಿಲೂ ಸರಿಹೋಗುತ್ತದೆ ಎಂದು ಸುಮ್ಮನೆ ಕೂರುತ್ತೇವೆ.

ಮೊದಲು ತೂತಿನ ಕಥೆ. ಫ್ರಿಜ್, ಎ.ಸಿ., ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಮೇಲಕ್ಕೆ ಹೋಗಿ ಓಝೋನನ್ನು ನಾಶ ಮಾಡಬಲ್ಲವು ಎಂದು ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ತೋರಿಸಿದರು. 1985ರಲ್ಲಿ ಬ್ರಿಟನ್ನಿನ ಮೂವರು ವಿಜ್ಞಾನಿಗಳು ಅಂಟಾರ್ಕ್ಟಿಕಾದ ಹ್ಯಾಲಿ ಕೇಂದ್ರದ ಅಳತೆಗಳನ್ನು ಪ್ರಕಟಿಸಿದರು. ಅಲ್ಲಿ ಅಕ್ಟೋಬರ್ ತಿಂಗಳಲ್ಲಿ ಮೊದಲು 300 ಡಾಬ್ಸನ್ ಸುಮಾರಿಗೆ ಇರುತ್ತಿದ್ದ ಓಝೋನ್ 200ರ ಆಸುಪಾಸಿಗೆ ಕುಸಿದಿತ್ತು. ಡಾಬ್ಸನ್ ಎಂದರೆ ಹೆದರಬೇಡಿ. ತಲೆಯ ಮೇಲಿರುವ ಓಝೋನನ್ನೆಲ್ಲ ಕೆಳಗಿಳಿಸಿ ನೆಲದ ಮೇಲೆ ಹಾಸಿದರೆ ಎಷ್ಟು ದಪ್ಪ ಬರುತ್ತದೆ ಎಂಬ ಲೆಕ್ಕ ಅದು. 300 ಡಾಬ್ಸನ್ ಎಂದರೆ ಬರೀ 3 ಮಿಲಿಮೀಟರ್!

1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು. ಈ ಒಪ್ಪಂದದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಅಂಶ: ಸಹಿ ಹಾಕಿ ಮನೆಗೆ ಹೋಗುವ ಹಾಗಿಲ್ಲ, ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ ವಿಜ್ಞಾನಿಗಳು ಲೆಕ್ಕ ಒಪ್ಪಿಸಲೇಬೇಕು. ಮೊದಲ ವರದಿ 1989ರದ್ದು, 2022ರದ್ದು ಹತ್ತನೆಯದು. ಓಝೋನ್ ಎಷ್ಟಿದೆ ಎಂದು ಒಂದು ತಂಡ ನೋಡಿದರೆ, ನೇರಳಾತೀತ ಕಿರಣದಿಂದ ಮನುಷ್ಯ, ಬೆಳೆ, ನೀರಿನ ಜೀವಿಗಳಿಗೆ ಏನಾಗುತ್ತದೆ ಎಂದು ಇನ್ನೊಂದು ತಂಡ ನೋಡುತ್ತದೆ. ಕಳ್ಳತನವೂ ಸಿಕ್ಕಿಬೀಳುತ್ತದೆ. ನಿಷೇಧವಾಗಿದ್ದ ಸಿಎಫ್‌ಸಿ-11 ಗಾಳಿಯಲ್ಲಿ ಇಳಿಯಬೇಕಾದಷ್ಟು ವೇಗವಾಗಿ ಇಳಿಯುತ್ತಿಲ್ಲ ಎಂದು 2018ರಲ್ಲಿ ಗೊತ್ತಾಯಿತು. ಅದರ ಜಾಡು ಬಹುಪಾಲು ಪೂರ್ವ ಚೀನಾ ಕಡೆಗೆ ಹೋಯಿತು, ಆಮೇಲೆ ಸೋರಿಕೆ ಮತ್ತೆ ಇಳಿಯಿತು.

2022ರ ವರದಿಯ ಪ್ರಕಾರ ಓಝೋನ್ ಪದರ 1980ರ ಮಟ್ಟಕ್ಕೆ ಮರಳುವುದು ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ, ಆರ್ಕ್ಟಿಕ್ ಮೇಲೆ 2045ರ ಸುಮಾರಿಗೆ, ಉಳಿದೆಡೆ 2040ರ ಸುಮಾರಿಗೆ. ಈಗ ಪಿಯುಸಿ ಓದುತ್ತಿರುವ ನಾವು ಅಂಟಾರ್ಕ್ಟಿಕಾದ ತೂತು ಮುಚ್ಚುವ ಹೊತ್ತಿಗೆ ಅಜ್ಜ-ಅಜ್ಜಿಯರಾಗಿರುತ್ತೇವೆ.

ಈ ಕಥೆಯಲ್ಲಿ ನಮ್ಮ ಸೀಮೆಗೆ ಹತ್ತಿರದ ಒಬ್ಬರೂ ಇದ್ದಾರೆ. ವಿ. ರಾಮನಾಥನ್ ಹನ್ನೊಂದನೇ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದಾಗ ಶಾಲೆಯ ಇಂಗ್ಲಿಷ್ ಪಾಠ ಅರ್ಥವಾಗದೆ ಹಿಂದೆ ಬಿದ್ದರು, ತಾವೇ ಯೋಚಿಸಿ ಕಲಿಯುವುದನ್ನು ರೂಢಿಸಿಕೊಂಡರು. ಎಂಜಿನಿಯರಿಂಗ್ ಮುಗಿಸಿ ಅವರು ಹಿಡಿದ ಕೆಲಸ ಸಿಕಂದರಾಬಾದಿನ ಫ್ರಿಜ್ ಕಾರ್ಖಾನೆಯಲ್ಲಿ. ಒಳಗಿನ ಅನಿಲ ಬೇಗ ಸೋರಿಹೋಗುವುದು ಏಕೆ ಎಂದು ಪತ್ತೆ ಮಾಡಬೇಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದ ಮೇಲೆ, 1975ರಲ್ಲಿ, ಅದೇ ಸಿಎಫ್‌ಸಿ ಭೂಮಿಯನ್ನೂ ಬಿಸಿ ಮಾಡುತ್ತದೆ ಎಂದು ತೋರಿಸಿದರು. ಅದರ ಒಂದು ಅಣು ಇಂಗಾಲದ ಡೈಆಕ್ಸೈಡಿನ 10,000ಕ್ಕೂ ಹೆಚ್ಚು ಅಣುಗಳಿಗೆ ಸಮ. ಬಸ್ಸಿನ ಹಿರಿಯರ ಮಾತಿನಲ್ಲಿ ಅಷ್ಟರಮಟ್ಟಿಗೆ ಸತ್ಯವಿದೆ: ಓಝೋನ್ ತೂತು ಸೆಕೆ ತರುವುದಿಲ್ಲ, ಆದರೆ ತೂತು ಮಾಡಿದ ಅನಿಲ ಸೆಕೆಗೂ ಒಂದಿಷ್ಟು ಕೈಜೋಡಿಸಿದೆ.

ಈಗ ನಮ್ಮ ತಲೆಯ ಮೇಲಿನ ಆಕಾಶಕ್ಕೆ ಬರೋಣ. ಓಝೋನ್ ಅತಿ ಹೆಚ್ಚು ಹುಟ್ಟುವುದು ಸೂರ್ಯ ನೆತ್ತಿಯ ಮೇಲೆ ಸುಡುವ ಉಷ್ಣವಲಯದಲ್ಲೇ. ಆದರೆ ಮೇಲಿನ ಗಾಳಿ ಅದನ್ನು ಧ್ರುವಗಳ ಕಡೆಗೆ ಒಯ್ಯುತ್ತದೆ. ಬೆಳೆದವರ ಮನೆಯಲ್ಲೇ ಕಾಳಿಲ್ಲ ಎಂಬಂತೆ, ದಕ್ಷಿಣ ಭಾರತದ ಮೇಲೆ ಓಝೋನ್ ಸಹಜವಾಗಿಯೇ ತೆಳು, 260 ಡಾಬ್ಸನ್ ಆಸುಪಾಸು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಇದನ್ನು ದಶಕಗಳ ಕಾಲ ಅಳೆದಿದ್ದಾರೆ. ಸಿಎಫ್‌ಸಿಯಿಂದ ಉಷ್ಣವಲಯದ ಒಟ್ಟು ಓಝೋನಿನಲ್ಲಿ ಆದ ವ್ಯತ್ಯಾಸ ಬಹಳ ಕಡಿಮೆ. ಹಾಗೆಂದು ಒಪ್ಪಂದ ನಮಗೆ ಸಂಬಂಧಪಡದ ವಿಷಯವಲ್ಲ. ಸಿಎಫ್‌ಸಿ ಹಾಗೇ ಏರುತ್ತಾ ಹೋಗಿದ್ದರೆ 2065ರ ವೇಳೆಗೆ ಪ್ರಪಂಚದ ಓಝೋನಿನಲ್ಲಿ ಮೂರನೇ ಎರಡು ಭಾಗ ಹೋಗುತ್ತಿತ್ತು, ಉಷ್ಣವಲಯವೂ ಉಳಿಯುತ್ತಿರಲಿಲ್ಲ ಎಂದು ವಿಜ್ಞಾನಿಗಳು 2009ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಆ ಅಪಾಯ ತಪ್ಪಿದೆ. ಉಳಿದಿರುವುದು ನಮಗೆ ಹುಟ್ಟಿನಿಂದ ಬಂದ ಬಿಸಿಲು. ಅದನ್ನು ಯಾವ ಒಪ್ಪಂದವೂ ಕಡಿಮೆ ಮಾಡುವುದಿಲ್ಲ.

ಕಿರಣದ ಜೋರು ಮುಖ್ಯವಾಗಿ ಸೂರ್ಯನ ಎತ್ತರಕ್ಕೆ ಸೇರಿದ್ದು. ಸೂರ್ಯ ಓರೆಯಾದಷ್ಟೂ ಕಿರಣ ಓಝೋನಿನಲ್ಲಿ ಹೆಚ್ಚು ದೂರ ಹಾಯಬೇಕು. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದರೆ ದಾರಿ ಹೆಚ್ಚುಕಡಿಮೆ ಎರಡು ಪಟ್ಟು. ನೆತ್ತಿಯ ಮೇಲಿದ್ದರೆ ದಾರಿ ಅತಿ ಚಿಕ್ಕದು. ರಾಯಚೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರ ಮತ್ತು ಆಗಸ್ಟ್ 8ರ ಆಸುಪಾಸು. ಆ ದಿನ ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ ಕಾಲೇಜು ಮೈದಾನದಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಇಂಥ ಕಾಲದಲ್ಲಿ ನೇರಳಾತೀತ ಸೂಚ್ಯಂಕ 11 ದಾಟುವುದು ಸಾಮಾನ್ಯ. ಅದು ಪಟ್ಟಿಯಲ್ಲಿ "ಅತ್ಯಂತ ತೀವ್ರ" ಎನ್ನುವ ಕೊನೆಯ ಮೆಟ್ಟಿಲು.

ಇದನ್ನು ತಿಳಿಯಲು ಯಂತ್ರ ಬೇಕಿಲ್ಲ, ನೆರಳು ಸಾಕು. ನಿಮ್ಮ ನೆರಳು ನಿಮಗಿಂತ ಗಿಡ್ಡವಿದ್ದರೆ ಕಿರಣ ಜೋರು, ಉದ್ದವಿದ್ದರೆ ಇಳಿಮುಖ. ನೆರಳಿನ ಲೆಕ್ಕ ನಮ್ಮಲ್ಲಿ ಅನೇಕರಿಗೆ ಹೊಸದೇನೂ ಅಲ್ಲ. ನಡುಹಗಲಿನ ಮೂಲ ನೆರಳನ್ನು ಕಳೆದು, ವಸ್ತುವಿನ ನೆರಳು ಅದರ ಉದ್ದಕ್ಕೆ ಸಮನಾದಾಗ ಶಾಫಿಈ ರೀತಿಯಲ್ಲಿ ಅಸರ್ ವಕ್ತ್ ಶುರು, ಹನಫಿ ರೀತಿಯಲ್ಲಿ ಎರಡು ಪಟ್ಟಾದಾಗ. ಮೂಲ ನೆರಳು ಸೊನ್ನೆಯಾಗುವ ಆ ಮೇ ದಿನ ಶಾಫಿಈ ಅಸರ್ ಮತ್ತು ವಿಜ್ಞಾನದ ನೆರಳಿನ ಗಡಿ ಒಂದೇ ಗಳಿಗೆಗೆ ಬರುತ್ತವೆ, ಸುಮಾರು ಮೂರೂವರೆಗೆ. ಹನಫಿ ಅಸರ್ ಅಜಾನ್ ಆಗುವ ಹೊತ್ತಿಗೆ ಕಿರಣ ಬಹಳ ಇಳಿದಿರುತ್ತದೆ. ಜುಹರ್ ಆರಂಭದಲ್ಲಿ ಮಾತ್ರ ಅದು ಶಿಖರದಲ್ಲೇ ಇರುತ್ತದೆ.

ನಾವು ಮರೆಯುವುದು ಚಳಿಗಾಲವನ್ನು. ಡಿಸೆಂಬರ್ ಕೊನೆಯಲ್ಲೂ ರಾಯಚೂರಿನ ಮಧ್ಯಾಹ್ನದ ಸೂರ್ಯ 50 ಡಿಗ್ರಿ ಎತ್ತರದಲ್ಲಿರುತ್ತಾನೆ, ಹನ್ನೊಂದರಿಂದ ಒಂದೂಮುಕ್ಕಾಲರವರೆಗೆ ನೆರಳು ನಮಗಿಂತ ಗಿಡ್ಡವೇ. ಗಾಳಿ ತಣ್ಣಗಿರುವುದರಿಂದ ಗೊತ್ತಾಗುವುದಿಲ್ಲ. ನೇರಳಾತೀತ ಕಿರಣ ಕಣ್ಣಿಗೆ ಕಾಣದು, ಮೈಗೆ ಬಿಸಿಯೂ ಹತ್ತದು. ಹತ್ತಿ ಬಿಡಿಸುವ ಕಾಲ ಅದೇ. ಅಮ್ಮಂದಿರು ದಿನವಿಡೀ ಹೊಲದಲ್ಲಿ ಇರುತ್ತಾರೆ.

ನಮ್ಮ ಕಪ್ಪು ಚರ್ಮದಲ್ಲಿನ ಮೆಲನಿನ್ ಚರ್ಮದ ಕ್ಯಾನ್ಸರಿನಿಂದ ಸಾಕಷ್ಟು ಕಾಯುತ್ತದೆ. ಕಣ್ಣಿಗೆ ಆ ರಕ್ಷಣೆ ಇಲ್ಲ. ಕಣ್ಣಿನ ಪೊರೆಗೆ ವಯಸ್ಸು, ಸಕ್ಕರೆ ಕಾಯಿಲೆ ಮುಂತಾದ ಕಾರಣಗಳ ಜೊತೆ ಈ ಕಿರಣವೂ ಒಂದು. ಬಿಳಿಗುಡ್ಡೆಯ ಮೇಲೆ ಮಾಂಸದ ಪದರ ಬೆಳೆಯುವುದಕ್ಕೂ ಇದಕ್ಕೂ ನಂಟಿದೆ. ತಲೆಗೆ ಸುತ್ತಿದ ರುಮಾಲು, ದುಪಟ್ಟಾ, ಬುರ್ಖಾ ಚರ್ಮವನ್ನು ಚೆನ್ನಾಗಿ ಮುಚ್ಚುತ್ತವೆ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ಇನ್ನೂ ಒಳ್ಳೆಯದು. ನಮ್ಮ ನಮಾಜ್ ಟೋಪಿಗೆ ಅಂಚಿಲ್ಲ, ಅದು ಕಣ್ಣಿಗೆ ನೆರಳು ಕೊಡದು. ರುಮಾಲಿನ ಅಂಚನ್ನು ಹಣೆಯ ಮುಂದೆ ನಾಲ್ಕು ಬೆರಳು ಚಾಚಿ ಕಟ್ಟಿದರೆ ಮೇಲಿನಿಂದ ಬೀಳುವ ಕಿರಣದಲ್ಲಿ ಬಹಳಷ್ಟು ತಪ್ಪುತ್ತದೆ. ಹೊಲದ ಬುತ್ತಿಯನ್ನು ಬೇವಿನ ಮರದಡಿ ಕೂತು ಬಿಚ್ಚುವ ಹೊತ್ತನ್ನು ಹನ್ನೆರಡೂಕಾಲಿನ ಆಚೀಚೆಗೆ ಇಟ್ಟುಕೊಂಡರೆ ದಿನದ ಅತಿ ಜೋರಿನ ಗಳಿಗೆ ಮರದ ಮೇಲೆ ಬೀಳುತ್ತದೆ.