ತಂತ್ರಾಂಶ ಬರೆಸುವ ಮುನ್ನ ಅಪಾಯದ ಅಂದಾಜು

ಅಂಗಡಿ ಅಥವಾ ಕಾರ್ಖಾನೆಯ ಲೆಕ್ಕಪತ್ರಗಳಿಗಾಗಿ ಹೊಸ ತಂತ್ರಾಂಶ ಬರೆಸುವಾಗ ನಮ್ಮ ವರ್ತಕ ಬಂಧುಗಳು ಮೊದಲು ವಿಚಾರಿಸುವುದು ಬೆಲೆಯನ್ನು, ನಂತರ ಅವಧಿಯನ್ನು. ಬಳಸುವವರ ಯಾವ ಅಗತ್ಯ ಎಲ್ಲಿ ಕೈಕೊಡಬಹುದೆಂಬ ಪ್ರಶ್ನೆ ಬಹುತೇಕ ಹಣ ಸಂದಾಯವಾದ ಮೇಲೆಯೇ ಏಳುತ್ತದೆ. ಅದನ್ನು ವಿನ್ಯಾಸದ ಹಂತದಲ್ಲಿಯೇ ಕೇಳಬೇಕೆಂಬುದಕ್ಕೆ ನಮ್ಮ ರಾಜ್ಯದ ಭೂದಾಖಲೆಗಳ ಗಣಕೀಕರಣವೇ ಉತ್ತಮ ನಿದರ್ಶನ.

ಈ ಕಾರ್ಯವು 1991ರಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೆ ದಾಖಲೆಗಳು ನಿಜವಾಗಿ ತಿದ್ದುಪಡಿಯಾಗುವ ತಾಲ್ಲೂಕು ಮಟ್ಟದಲ್ಲಿ ಗಣಕಯಂತ್ರ ಅಳವಡಿಸಲು ಅದರಲ್ಲಿ ಅವಕಾಶವಿರಲಿಲ್ಲ. ನೇಸರಗಿಯ ಹೊಲವೊಂದು ಕೈ ಬದಲಾದರೆ ಅದರ ನೋಂದಣಿ ಬೈಲಹೊಂಗಲದ ಕಡತದಲ್ಲಿ, ಯಂತ್ರವಿರುವುದು ಬೇರೆಡೆ. ಒಮ್ಮೆ ತುಂಬಿದ ಮಾಹಿತಿ ಹಳೆಯದಾಗದೆ ಇನ್ನೇನಾದೀತು? ರೈತನಿಗೆ ಬೇಕಾದುದು ಇಂದಿನ ಉತಾರ.

ಮುಂದೆ ಬಂದ ‘ಭೂಮಿ’ ಯೋಜನೆ ಇಲ್ಲಿಂದಲೇ ಹೆಜ್ಜೆ ಹಾಕಿತು. 2002ರ ವೇಳೆಗೆ 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದು, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು 15 ರೂಪಾಯಿ ಶುಲ್ಕಕ್ಕೆ ದೊರೆಯುವಂತಾದವು. ಬೇರೆಯವರು ದಾಖಲೆ ತಿದ್ದುವ ಅಪಾಯಕ್ಕೆ ಸಿಬ್ಬಂದಿಯ ಬೆರಳಚ್ಚು ಪರೀಕ್ಷೆ, ಸರದಿ ತಪ್ಪಿಸುವ ಅಪಾಯಕ್ಕೆ ಮೊದಲು ಬಂದ ಅರ್ಜಿಗೆ ಮೊದಲ ವಿಲೇವಾರಿ, ರೈತನ ಅನುಮಾನಕ್ಕೆ ಅವನ ಕಡೆ ತಿರುಗಿಸಿದ ಎರಡನೆಯ ಪರದೆ. ಇವೆಲ್ಲಕ್ಕಿಂತ ಮಿಗಿಲಾದುದು, ನನ್ನ ಅಭಿಪ್ರಾಯದಲ್ಲಿ, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂಬ ಆಜ್ಞೆ. ಅದು ತಂತ್ರಾಂಶದ ಮಾತೇ ಅಲ್ಲ. ಆದರೆ ಅದಿಲ್ಲದಿದ್ದರೆ ಎರಡು ಲೆಕ್ಕಗಳು ಅಕ್ಕಪಕ್ಕದಲ್ಲಿಯೇ ನಡೆಯುತ್ತಿದ್ದವು.

ಇದೇ ವಿಚಾರವನ್ನು ಅಡತಿ ಅಂಗಡಿಗೆ ಅನ್ವಯಿಸಿ ನೋಡೋಣ. ಕನ್ನಡದಲ್ಲಿ ಪಟ್ಟಿ, ಹಮಾಲಿ ಮತ್ತು ತೂಕದ ಕಡಿತ, ರೈತನ ಮುಂಗಡದ ವಜಾ, ಜಿಎಸ್‌ಟಿ ವಿವರ, ವಿದ್ಯುತ್ ಹೋದಾಗಲೂ ಉಳಿಯುವ ಲೆಕ್ಕ ಎಂದು ಅಗತ್ಯಗಳನ್ನು ಕಾಗದದ ಮೇಲೆ ಬರೆಯಿರಿ. ಪ್ರತಿಯೊಂದರ ಎದುರು ಎರಡು ಉತ್ತರಗಳಿರಲಿ: ಇದು ಕೆಟ್ಟರೆ ಅಂದಿನ ವ್ಯಾಪಾರ ನಿಲ್ಲುವುದೇ? ತಂತ್ರಾಂಶ ಬರೆಯುವವನು ಇದನ್ನು ಹಿಂದೆ ಮಾಡಿದ್ದಾನೆಯೇ? ವ್ಯಾಪಾರ ನಿಲ್ಲುವುದು, ಅವನಿಗೆ ಹೊಸದು ಎಂದಾದರೆ ಅಂಥದ್ದನ್ನು ಮೊದಲು ಮಾಡಿಸಿ, ಗುಮಾಸ್ತನ ಕೈಯಲ್ಲಿಯೇ ಪರೀಕ್ಷಿಸಿರಿ. ಬಣ್ಣದ ವರದಿಗಳು ಕಾಯಬಲ್ಲವು. ಮುಂಗಡದ ವಜಾ ಸುಗ್ಗಿಯ ದಿನ ತಪ್ಪಿದರೆ ರೈತನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಮೊದಲ ಕಂತಿನ ಹಣವನ್ನು ಈ ಪರೀಕ್ಷೆಗೆ ಕಟ್ಟಿಹಾಕುವ ಷರತ್ತು ಕರಾರಿನಲ್ಲಿರಲಿ. ಕಿರ್ದಿ ಪುಸ್ತಕವನ್ನು ಯಾವ ದಿನ ಮುಚ್ಚುವಿರೆಂಬುದನ್ನೂ ಅದರಲ್ಲಿಯೇ ಬರೆಯಿರಿ.