ಹನ್ನೊಂದು ಗಂಟೆ ಎಂದರೆ ಎಲ್ಲಿಯ ಹನ್ನೊಂದು?

ಕಳೆದ ಚಳಿಗಾಲದಲ್ಲಿ ನನ್ನ ಅಜ್ಜ ತೀರಿಕೊಂಡರು. ಜಿದ್ದಾದಲ್ಲಿ ಕೆಲಸ ಮಾಡುವ ಚಿಕ್ಕಪ್ಪ ಬೆಳಗಿನ ಜಾವ ಫೋನ್ ಮಾಡಿ, "ಹನ್ನೊಂದರ ವಿಮಾನಕ್ಕೆ ಟಿಕೆಟ್ ಸಿಕ್ಕಿದೆ, ಐದು ಗಂಟೆಯ ಪ್ರಯಾಣ" ಎಂದರು. ದಫನ್ ಎಷ್ಟು ಹೊತ್ತಿಗೆ ಎಂದು ಹಿರಿಯರು ನಿರ್ಧರಿಸಬೇಕಿತ್ತು. ನಾನು ವಿಜ್ಞಾನದ ವಿದ್ಯಾರ್ಥಿ, ಆದ್ದರಿಂದ ಲೆಕ್ಕ ನನ್ನ ಪಾಲಿಗೆ ಬಂತು.

ಹನ್ನೊಂದಕ್ಕೆ ಐದು ಸೇರಿಸಿದರೆ ಸಂಜೆ ನಾಲ್ಕು. ತಪಾಸಣೆಗೆ ಒಂದು ಗಂಟೆ, ಹೈದರಾಬಾದಿನ ಶಂಶಾಬಾದ್ ನಿಲ್ದಾಣದಿಂದ ಶಹಾಪುರಕ್ಕೆ ರಸ್ತೆಯಲ್ಲಿ ಐದು ಗಂಟೆ. "ರಾತ್ರಿ ಹತ್ತಕ್ಕೆ ಬರುತ್ತಾರೆ" ಎಂದೆ. ಕಾಯೋಣ ಎಂದರು. ಆಗ ನಮ್ಮ ಗಲ್ಲಿಯ ಮೇಷ್ಟ್ರೊಬ್ಬರು ಕೇಳಿದರು: "ಹನ್ನೊಂದು ಎಂದರೆ ಎಲ್ಲಿಯ ಹನ್ನೊಂದು?"

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15 ಡಿಗ್ರಿ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿದೆ, ಸೌದಿಯದು 45 ಡಿಗ್ರಿಗೆ. ವ್ಯತ್ಯಾಸ 37.5 ಡಿಗ್ರಿ. ಅದನ್ನು 15ರಿಂದ ಭಾಗಿಸಿದರೆ ಎರಡೂವರೆ ಗಂಟೆ. ಅಲ್ಲಿ ಹನ್ನೊಂದಾದಾಗ ಇಲ್ಲಿ ಮಧ್ಯಾಹ್ನ ಒಂದೂವರೆ. ಹಾಗಾದರೆ ವಿಮಾನ ಇಳಿಯುವುದು ಸಂಜೆ ಆರೂವರೆಗೆ, ಚಿಕ್ಕಪ್ಪ ಮನೆ ಸೇರುವುದು ರಾತ್ರಿ ಹನ್ನೆರಡೂವರೆಗೆ!

ಇನ್ನು ಆ ಐದು ಗಂಟೆ ಬಂದದ್ದು ಹೇಗೆ? ಭೂಮಿ ಗುಂಡಗಿರುವುದರಿಂದ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿಯೂ ಒಂದು ಕಮಾನು. ಗೋಳದ ಮೇಲೆ ದಾರ ಬಿಗಿದು ನೋಡಿದರೆ ಅದು ಕಾಣುತ್ತದೆ. ಹೈದರಾಬಾದ್ ಮತ್ತು ಜಿದ್ದಾ ನಿಲ್ದಾಣಗಳು ಭೂಕೇಂದ್ರದಲ್ಲಿ ಮಾಡುವ ಕೋನ ಸುಮಾರು 37.2 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಹಿಡಿದರೆ ದೂರ ಸುಮಾರು 4,130 ಕಿ.ಮೀ. ವಿಮಾನದ ವೇಗ ಗಂಟೆಗೆ 850 ಕಿ.ಮೀ. ಎಂದುಕೊಂಡರೆ 4 ಗಂಟೆ 50 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ, ಅದಕ್ಕೆ ಇನ್ನರ್ಧ ಗಂಟೆ ಸೇರಿಸಬೇಕು. ಚಳಿಗಾಲದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಆದ್ದರಿಂದ ಊರಿಗೆ ಬರುವಾಗ ಗಾಳಿ ಹಿಂದಿನಿಂದ ತಳ್ಳಿ ಸುಮಾರು ಐದು ಗಂಟೆ ಸಾಕಾಗುತ್ತದೆ. ಹೋಗುವಾಗ ಆರರ ಹತ್ತಿರ ಹಿಡಿಯುತ್ತದೆ.

ಟಿಕೆಟ್ಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಬೆಳಿಗ್ಗೆ ಹತ್ತಕ್ಕೆ ಹೈದರಾಬಾದ್ ಬಿಟ್ಟು ಒಂದೂವರೆಗೆ ಜಿದ್ದಾ ಎಂದಿದ್ದರೆ ಪ್ರಯಾಣ ಮೂರೂವರೆ ಗಂಟೆಯದಲ್ಲ, ಆರು ಗಂಟೆಯದು. ಪಶ್ಚಿಮಕ್ಕೆ ಹೋಗುವಾಗ ಎರಡೂವರೆ ಗಂಟೆ ಕೂಡಿಸಿ, ಪೂರ್ವಕ್ಕೆ ಬರುವಾಗ ಕಳೆಯಿರಿ.

ಸರಿಯಾದ ಲೆಕ್ಕ ಕೇಳಿದ ಹಿರಿಯರು ಮಧ್ಯರಾತ್ರಿಯವರೆಗೆ ಕಾಯುವುದು ಬೇಡ, ಇಶಾ ನಮಾಜಿನ ನಂತರವೇ ದಫನ್ ಎಂದು ತೀರ್ಮಾನಿಸಿದರು. ವಿಮಾನ ಹತ್ತುವ ಮೊದಲೇ ಚಿಕ್ಕಪ್ಪನಿಗೆ ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಿದ್ದು ಒಳ್ಳೆಯದಾಯಿತು" ಎಂದರು. ರಾತ್ರಿ ಬಂದವರು ನೇರವಾಗಿ ಖಬರಸ್ತಾನಕ್ಕೇ ಹೋದರು.

ನಮ್ಮ ಅನೇಕರ ಮನೆಯವರು ಕೊಲ್ಲಿ ದೇಶಗಳಲ್ಲಿದ್ದಾರೆ. ಅವರು ವೇಳೆ ಹೇಳಿದಾಗ ನೀವೂ ಮೊದಲು ಕೇಳಿ: ಎಲ್ಲಿಯ ವೇಳೆ?