ಕಾರ್ಬನ್ ಪಟ್ಟಿ ಗಟ್ಟಿ, ಅಂಟು ಗಟ್ಟಿಯೇ? ಎಗ್ಮೋರ್ ಬಿಸಿಲಲ್ಲಿ ಹಳೆ ಕಾಂಕ್ರೀಟ್ ರಿಪೇರಿಗೂ ಮುನ್ನ ಇದು ತಿಳಿದಿರಲಿ

ಚೆನ್ನೈ: ಬಿರುಕು ಬಿಟ್ಟ ಬೀಮ್, ಹೆಚ್ಚಿನ ಭಾರ ತಾಳದ ಸ್ಲ್ಯಾಬ್. ಇಂಥ ಹಳೆಯ ಕಾಂಕ್ರೀಟ್ ಕಟ್ಟಡಗಳನ್ನು ಕೆಡವದೇ ಉಳಿಸಿಕೊಳ್ಳಲು ಕಾರ್ಬನ್ ಅಥವಾ ಗಾಜಿನ ನಾರಿನ ಪಟ್ಟಿ ಅಂಟಿಸುವ ವಿಧಾನ ಬಳಕೆಯಲ್ಲಿದೆ. ಎಫ್‌ಆರ್‌ಪಿ ಎನ್ನುವ ಈ ಪಟ್ಟಿ ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಬಲ ಕಾಂಕ್ರೀಟ್‌ಗೆ ತಲುಪುವುದು ತೆಳುವಾದ ಅಂಟಿನ ಪದರದ ಮೂಲಕವೇ. ಅಂಟು ಸೋತರೆ ಪಟ್ಟಿ ಇದ್ದೂ ಇಲ್ಲದಂತೆ.

ಕಡಲಿಗೆ ಹತ್ತಿರವಿರುವ, ಬಿಸಿಲು ಮತ್ತು ತೇವ ಎರಡೂ ಹೆಚ್ಚಿರುವ ಚೆನ್ನೈನ ಎಗ್ಮೋರ್‌ನಂಥ ಪ್ರದೇಶದಲ್ಲಿ ಅಂಟಿನ ಆಯ್ಕೆಯೇ ನಿರ್ಣಾಯಕ.

175 ಕೆಜಿ ಬದಲು 6.2 ಕೆಜಿ!

1991ರಲ್ಲಿ ಸ್ವಿಟ್ಜರ್ಲೆಂಡ್‌ನ ಲೂಸರ್ನ್ ಬಳಿಯ ಇಬಾಖ್ ಸೇತುವೆಗೆ ಕಾರ್ಬನ್ ಪಟ್ಟಿ ಅಂಟಿಸಿ ಬಲ ತುಂಬಲಾಯಿತು. 175 ಕೆಜಿ ಉಕ್ಕು ಬೇಕಿದ್ದ ಕಡೆ 6.2 ಕೆಜಿ ಪಟ್ಟಿ ಸಾಕಾಯಿತು. ಆಗಲೂ ಈಗಲೂ ಇಂಥ ಕೆಲಸಕ್ಕೆ ಮುಖ್ಯ ಅಂಟು ಎಪಾಕ್ಸಿ. ಕಾಂಕ್ರೀಟ್‌ಗೆ ಬಿಗಿಯಾಗಿ ಹಿಡಿಯುತ್ತದೆ, ಒಣಗುವಾಗ ಹೆಚ್ಚು ಕುಗ್ಗುವುದಿಲ್ಲ. ಪಾಲಿಯೆಸ್ಟರ್ ಅಗ್ಗ, ಆದರೆ ಗಟ್ಟಿಯಾಗುವಾಗ ಹೆಚ್ಚು ಕುಗ್ಗುತ್ತದೆ.

ಎಗ್ಮೋರ್ ಬಿಸಿಲಿನ ಲೆಕ್ಕ

ಪ್ರತಿ ಎಪಾಕ್ಸಿಗೂ ಒಂದು ಉಷ್ಣಾಂಶದ ಗಡಿ ಇದೆ. ಅದನ್ನು ದಾಟಿದರೆ ಗಾಜಿನಂತಿದ್ದ ಅಂಟು ರಬ್ಬರ್‌ನಂತೆ ಮೆದುವಾಗುತ್ತದೆ. ಹೊರಗಿನ ವಾತಾವರಣದಲ್ಲೇ ಗಟ್ಟಿಯಾಗುವ ಎಪಾಕ್ಸಿಗಳಲ್ಲಿ ಇದು ಸಾಮಾನ್ಯವಾಗಿ 60ರಿಂದ 82 ಡಿಗ್ರಿ ಸೆಲ್ಸಿಯಸ್. ಬಳಕೆಯ ಉಷ್ಣಾಂಶ ಈ ಗಡಿಗಿಂತ ಸುಮಾರು 15 ಡಿಗ್ರಿ ಕೆಳಗೇ ಇರಬೇಕು ಎನ್ನುತ್ತದೆ ಅಮೆರಿಕದ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್‌ನ ಮಾರ್ಗಸೂಚಿ.

ಈಗ ಲೆಕ್ಕ ಹಾಕಿ. 60 ಡಿಗ್ರಿಯ ಅಂಟಿಗೆ ಸುರಕ್ಷಿತ ಮಿತಿ 45 ಡಿಗ್ರಿ. ಎಗ್ಮೋರ್ ಪಕ್ಕದ ನುಂಗಂಬಾಕ್ಕಂನಲ್ಲಿ 2003ರ ಮೇ 31ರಂದು ದಾಖಲಾದ ಗಾಳಿಯ ಉಷ್ಣಾಂಶವೇ 45 ಡಿಗ್ರಿ! ಬಿಸಿಲಿಗೆ ಬಿದ್ದ ಕಪ್ಪು ಕಾರ್ಬನ್ ಪಟ್ಟಿ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಹಾಗಾಗಿ ಒಳಗಿನ ಬೀಮ್‌ಗೆ ಸರಿಹೋಗುವ ಅಂಟು ತಾರಸಿಗೆ ಸಾಲದು. ಹೊರಭಾಗಕ್ಕೆ ಹೆಚ್ಚಿನ ಗಡಿಯ ಎಪಾಕ್ಸಿ ಬೇಕು, ಮೇಲೆ ತಿಳಿ ಬಣ್ಣದ ರಕ್ಷಣಾ ಲೇಪ ಬೇಕು.

ತಪ್ಪು ಅಂಟು, ಹೋದ ಜೀವ

2006ರ ಜುಲೈ 10ರಂದು ಅಮೆರಿಕದ ಬಾಸ್ಟನ್‌ನ ಸುರಂಗ ರಸ್ತೆಯಲ್ಲಿ ಕಾಂಕ್ರೀಟ್ ಚಾವಣಿ ಹಲಗೆಗಳು ಕಾರಿನ ಮೇಲೆ ಬಿದ್ದು ಮಹಿಳೆಯೊಬ್ಬರು ಮೃತಪಟ್ಟರು. ಅಲ್ಲಿದ್ದದ್ದು ಕಾರ್ಬನ್ ಪಟ್ಟಿಯಲ್ಲ, ಎಪಾಕ್ಸಿಯಲ್ಲಿ ಕೂರಿಸಿದ ಬೋಲ್ಟ್‌ಗಳು. ಬೇಗ ಗಟ್ಟಿಯಾಗುವ ಬಗೆಯ ಎಪಾಕ್ಸಿ ಸದಾ ಬೀಳುವ ಭಾರಕ್ಕೆ ನಿಧಾನವಾಗಿ ಜಗ್ಗುತ್ತಾ ಹೋಗಿತ್ತು ಎಂದು ತನಿಖೆ ಹೇಳಿತು. ಬೇಗ ಒಣಗುವುದೇ ಒಳ್ಳೆಯ ಅಂಟಿನ ಲಕ್ಷಣವಲ್ಲ.

ತೇವ ಇದ್ದರೆ ಜೋಕೆ

ಚೆನ್ನೈನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ. ಒದ್ದೆ ಕಾಂಕ್ರೀಟ್‌ಗೆ ಸಾಮಾನ್ಯ ಎಪಾಕ್ಸಿ ಹಿಡಿಯದು, ತೇವದಲ್ಲೂ ಹಿಡಿಯುವ ಪ್ರೈಮರ್ ಬೇಕು. ಮೇಲ್ಮೈ ಉಷ್ಣಾಂಶ ಇಬ್ಬನಿ ಕಟ್ಟುವ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಒಳಗಿನ ಕಬ್ಬಿಣ ತುಕ್ಕು ಹಿಡಿದಿದ್ದರೆ ಮೊದಲು ಅದರ ರಿಪೇರಿ. ಇಲ್ಲದಿದ್ದರೆ ತುಕ್ಕು ಉಬ್ಬಿ, ಪಟ್ಟಿಯನ್ನು ಕಾಂಕ್ರೀಟ್ ಸಮೇತ ತಳ್ಳುತ್ತದೆ.

ಇಟ್ಟಿಗೆ ಗೋಡೆಗೆ ಬೇರೆ ದಾರಿ

1908ರಲ್ಲಿ ಉದ್ಘಾಟನೆಯಾದ ಎಗ್ಮೋರ್ ರೈಲು ನಿಲ್ದಾಣದ ವಿನ್ಯಾಸ ಹೆನ್ರಿ ಇರ್ವಿನ್ ಅವರದು. ಮೈಸೂರಿನ ಅಂಬಾ ವಿಲಾಸ ಅರಮನೆಯ ವಿನ್ಯಾಸಕಾರರೂ ಅವರೇ. ಆ ಕಾಲದ ಇಟ್ಟಿಗೆ ಗೋಡೆಗಳಿಗೆ ಕಾಂಕ್ರೀಟ್‌ನ ಸೂತ್ರ ಹಾಗೆಯೇ ಒಗ್ಗದು. ಎಪಾಕ್ಸಿ ಗೋಡೆಯ ತೇವ ಹೊರಹೋಗದಂತೆ ತಡೆಯುತ್ತದೆ. ಅಲ್ಲಿ ನಾರಿನ ಜಾಲರಿಯನ್ನು ಸಿಮೆಂಟ್ ಅಥವಾ ಸುಣ್ಣದ ಗಾರೆಯಲ್ಲಿ ಕೂರಿಸುವುದು ಹೆಚ್ಚು ಸೂಕ್ತ.

ಗುತ್ತಿಗೆದಾರರಿಗೆ ಕೇಳಬೇಕಾದ ಪ್ರಶ್ನೆಗಳು

* ಈ ಅಂಟು ಎಷ್ಟು ಡಿಗ್ರಿಗೆ ಮೆದುವಾಗುತ್ತದೆ? ತಯಾರಕರ ದಾಖಲೆ ತೋರಿಸುತ್ತೀರಾ?
* ಎರಡು ಡಬ್ಬಿಗಳ ಮಿಶ್ರಣವನ್ನು ತೂಕ ಮಾಡಿ ಬೆರೆಸುತ್ತೀರಾ? ಕಲಸಿದ ಮೇಲೆ ಎಷ್ಟು ನಿಮಿಷದೊಳಗೆ ಬಳಸಬೇಕು? ಸೆಕೆ ಹೆಚ್ಚಿದಷ್ಟೂ ಈ ಸಮಯ ಕಡಿಮೆ.
* ಅಂಟಿಸುವ ಮುನ್ನ ಮೇಲ್ಮೈಯ ಪೇಂಟ್, ಸಡಿಲ ಸಿಮೆಂಟ್ ತೆಗೆಯುತ್ತೀರಾ?
* ಎಳೆದು ನೋಡುವ ಪರೀಕ್ಷೆ ಮಾಡುತ್ತೀರಾ? ಲೋಹದ ಬಿಲ್ಲೆ ಅಂಟಿಸಿ ಎಳೆದಾಗ ಕನಿಷ್ಠ 1.4 ಮೆಗಾಪ್ಯಾಸ್ಕಲ್ ತಡೆಯಬೇಕು, ಬಿಲ್ಲೆಯ ಜೊತೆ ಕಾಂಕ್ರೀಟ್ ಕಿತ್ತು ಬರಬೇಕು. ಅಂಟು ಮಾತ್ರ ನುಣ್ಣಗೆ ಬಿಟ್ಟುಕೊಂಡರೆ ಕೆಲಸ ಕೆಟ್ಟಿದೆ ಎಂದರ್ಥ.
* ಬೆಂಕಿ ಬಿದ್ದು ಪಟ್ಟಿ ಕಳಚಿದರೂ ಕಟ್ಟಡ ನಿಲ್ಲುತ್ತದೆಯೇ?

ಕೊನೆಯ ಪ್ರಶ್ನೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಲಿಖಿತ ಉತ್ತರ ಕೊಡದಿದ್ದರೆ ಕೆಲಸ ಶುರು ಮಾಡಿಸಬೇಡಿ.